ಧರಣಿ, ಮುಷ್ಕರ, ಜಾಥಾದ ಫೋಟೋ ತೆಗೆಯೋಕೆ ಹೊರಟವ್ರಿಗೆ

ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಕ್ಯಾಮೆರಾ ಹಿಡ್ಕೊಂಡು ಬರೋ ಹುಡುಗ್ರು ಹುಡುಗೀರು ಇತ್ತೀಚೆಗೆ ಜಾಸ್ತಿ ಆಗಿದಾರೆ, ಜಿಲ್ಲಾ ಕೇಂದ್ರಗಳಲ್ಲೂ ಡಿಸಿ ಆಫೀಸ್ ಮುಂದೆ ಯಾರಾದ್ರೂ ಧರಣಿ ಕೂತ್ರೆ ಒಬ್ರಾದ್ರೂ ಫೋನ್ ಎತ್ಕೊಂಡು ಸುತ್ತಾ ಇರ್ತಾರೆ. ಇದು ಖುಷಿ ಪಡೋ ವಿಷಯ, ಹೋರಾಟಕ್ಕೆ ಫೋಟೋ ಬೇಕೇ ಬೇಕು. ಬೇಸರ ಏನಂದ್ರೆ ತುಂಬಾ ಜನ ತೆಗೆಯೋದು ಒಂದೇ ಥರದ ಫೋಟೋ: ಎತ್ತಿದ ಮುಷ್ಟಿ, ಕೂಗ್ತಿರೋ ಬಾಯಿ, ಹಿಂದೆ ಬ್ಯಾರಿಕೇಡ್. ಅದನ್ನ ನೋಡಿದ್ರೆ ಬಂದಿರೋರು ಆಶಾ ಕಾರ್ಯಕರ್ತೆಯರೋ, ಕಬ್ಬು ಬೆಳೆಗಾರರೋ, ಪೌರಕಾರ್ಮಿಕರೋ, ಏನ್ ಕೇಳೋಕೆ ಬಂದಿದಾರೆ, ಒಂದೂ ಗೊತ್ತಾಗಲ್ಲ. ನಾನು ಇಲ್ಲಿ ಹೇಳೋಕೆ ಹೊರಟಿರೋದು ಎರಡು ವಿಷಯ, ಉಳಿದ ಸೆಟ್ಟಿಂಗು, ಲೆನ್ಸು, ಕಾನೂನು ಎಲ್ಲಾ ಅದರ ಹಿಂದೇನೇ ಬರತ್ತೆ. ಜನ ಯಾಕೆ ಬಂದು ಕೂತಿದಾರೆ ಅನ್ನೋದು ಫೋಟೋದಲ್ಲಿ ಕಾಣ್ಬೇಕು, ಮತ್ತೆ ಆ ಫೋಟೋದಿಂದ ನಾಳೆ ಅವರಿಗೆ ತೊಂದ್ರೆ ಆಗ್ಬಾರ್ದು.

2016ರ ಏಪ್ರಿಲ್ ನೆನಪಿದ್ಯಾ? ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರಾರು ಸಂಖ್ಯೇಲಿ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದ್ರು. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ (ಭವಿಷ್ಯ ನಿಧಿ) ನಿಯಮ ಬದಲಾಯಿಸಿ, ಮಾಲೀಕರ ಪಾಲಿನ ದುಡ್ಡನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ಮಾಡಿತ್ತು. ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ ಕೂತು ಸೊಂಟ ಸವೆಸ್ಕೊಳ್ಳೋ ಹೆಂಗಸರಿಗೆ ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ, ಊರಲ್ಲಿ ಒಂದು ರೂಮ್ ಕಟ್ಟಿಸೋಕೋ ಅಂತ ಇರೋದು ಆ ಪಿಎಫ್ ದುಡ್ಡೇ. ಏಪ್ರಿಲ್ 18, 19 ಎರಡು ದಿನ ರಸ್ತೆ ನಿಂತೋಯ್ತು, 19ಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡ್ತು. ಅಷ್ಟು ದೊಡ್ಡ ಗೆಲುವು ಅದು. ಈಗ ಆ ಎರಡು ದಿನದ ಫೋಟೋ ಹುಡುಕಿ ನೋಡಿ, ಸುಟ್ಟ ಬಸ್ಸು, ಹೊಗೆ, ಕಲ್ಲು ಬಿದ್ದ ರಸ್ತೆ ಬೇಕಾದಷ್ಟು ಸಿಗತ್ತೆ. ಪಿಎಫ್ ಅಂದ್ರೆ ಆ ಹೆಂಗಸಿಗೆ ಏನು ಅನ್ನೋದನ್ನ ತೋರಿಸೋ ಫೋಟೋಗೆ ಹುಡುಕಾಡ್ಬೇಕು. ಹೊಗೆ ತೆಗೆಯೋಕೆ ಹತ್ತು ಜನ ಇರ್ತಾರೆ, ನೀವು ಆ ಇನ್ನೊಂದು ಫೋಟೋ ತೆಗೆಯೋರಾಗಿ.

ಹೋಗೋಕೆ ಮುಂಚೆ ಮಾಡ್ಬೇಕಾದ ಮೊದಲ್ನೇ ಕೆಲಸ ಬೇಡಿಕೆ ಪಟ್ಟಿ ಓದೋದು. ಪ್ರತೀ ಸಂಘಟನೆ ಒಂದು ಕರಪತ್ರ ಮಾಡಿರತ್ತೆ, ವಾಟ್ಸಾಪ್‌ನಲ್ಲಿ ಓಡಾಡ್ತಿರತ್ತೆ, ಇಲ್ಲಾಂದ್ರೆ ಅಲ್ಲೇ ಶಾಮಿಯಾನದ ಹತ್ರ ಹಂಚ್ತಿರ್ತಾರೆ. ಉದಾಹರಣೆಗೆ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂತ್ರಲ್ಲ, ತಿಂಗಳಿಗೆ 15 ಸಾವಿರ ಗೌರವಧನ ನಿಗದಿ ಮಾಡಿ ಅನ್ನೋದು ಅವರ ಮುಖ್ಯ ಬೇಡಿಕೆ, ಕೊನೆಗೆ ಸರ್ಕಾರ ಕನಿಷ್ಠ 10 ಸಾವಿರಕ್ಕೆ ಒಪ್ಕೊಂಡ್ತು. ಅವರ ತಕರಾರಲ್ಲಿ ಇನ್ನೊಂದು ಇತ್ತು: ಫೋನ್‌ನ ಆಪ್‌ನಲ್ಲಿ ಮಾಡಿದ ಕೆಲಸ ಎಲ್ಲಾ ಎಂಟ್ರಿ ಮಾಡ್ಬೇಕು, ಎಂಟ್ರಿ ಕೂತಿಲ್ಲ ಅಂದ್ರೆ ಮಾಡಿದ ಕೆಲಸಕ್ಕೆ ದುಡ್ಡಿಲ್ಲ. ಇದು ಗೊತ್ತಿದ್ರೆ ನಿಮ್ಮ ಕಣ್ಣು ಎಲ್ಲಿಗೆ ಹೋಗತ್ತೆ ನೋಡಿ. ಗುಲಾಬಿ ಸೀರೆಯ ಸಮುದ್ರ ಅಂತ ಒಂದು ವೈಡ್ ಫೋಟೋ ಎಲ್ರೂ ತೆಗೀತಾರೆ, ನೀವು ಧರಣಿಯಲ್ಲಿ ಕೂತಿದ್ರೂ ಮೊಣಕಾಲ ಮೇಲೆ ರಿಜಿಸ್ಟರ್ ಇಟ್ಕೊಂಡು ಫೋನ್‌ನಲ್ಲಿ ಬೆರಳು ಓಡಿಸ್ತಿರೋ ಹೆಂಗಸಿನ ಹತ್ರ ಹೋಗ್ತೀರ. ಊರಲ್ಲಿರೋ ಬಸುರಿ ಹೆಂಗಸಿನ ಫೋನಿಗೆ ಇಲ್ಲಿಂದಾನೇ ಉತ್ತರ ಕೊಡ್ತಿರೋರನ್ನ ನೋಡ್ತೀರ. ರಾತ್ರಿ ಚಳಿಗೆ ತಲೆ ತನಕ ಹೊದ್ಕೊಂಡು, ಅದೇ ರಿಜಿಸ್ಟರ್ ಇರೋ ಬ್ಯಾಗನ್ನ ತಲೆದಿಂಬು ಮಾಡ್ಕೊಂಡು ಮಲಗಿರೋರನ್ನ ನೋಡ್ತೀರ. ಬೇಡಿಕೆ ಏನು ಅಂತ ಓದದೇ ಹೋದವ್ರಿಗೆ ಆ ಬ್ಯಾಗು ಬರೀ ಬ್ಯಾಗು.

ಹೋಗೋ ಹೊತ್ತಿನ ಬಗ್ಗೆ. ಹನ್ನೊಂದು ಗಂಟೆಗೆ ಹೋಗಿ ಒಂದು ಗಂಟೆಗೆ ವಾಪಸ್ ಬರೋದು ಟಿವಿಯವ್ರ ಟೈಮು, ಅವರಿಗೆ ಬೈಟ್ (ಕ್ಯಾಮೆರಾ ಮುಂದೆ ಎರಡು ಮಾತು) ಸಿಕ್ಕಿದ್ರೆ ಮುಗೀತು. ನಿಮಗೆ ಬೇಕಾದ್ದು ಬೆಳಿಗ್ಗೆ ಬಸ್ಸು, ರೈಲು ಇಳಿದು ಮೆಜೆಸ್ಟಿಕ್ ಕಡೆಯಿಂದ ನಡ್ಕೊಂಡು ಬರೋ ಜನ, ಮಧ್ಯಾಹ್ನ ಸಾಲಲ್ಲಿ ಕೂತು ಚಿತ್ರಾನ್ನ ತಿನ್ನೋ ಹೊತ್ತು, ಭಾಷಣ ಇಲ್ಲದಾಗ ಯಾರೋ ತಮಟೆ ಎತ್ಕೊಂಡು ಹೋರಾಟದ ಹಾಡು ಶುರು ಮಾಡೋ ಹೊತ್ತು, ಮಂತ್ರಿ ಕಡೆಯವ್ರು ಬಂದು ಮನವಿ ಪತ್ರ ಇಸ್ಕೊಂಡು ಹೋದ್ಮೇಲೆ ಉಳಿಯೋ ಮೌನ. ಉದ್ದ ನಡೆಯೋ ಹೋರಾಟಕ್ಕಂತೂ ಬಿಡದೆ ಹೋಗ್ತಾ ಇರ್ಬೇಕು. ಬೆಂಗಳೂರು ಹತ್ರದ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣದ ರೈತರನ್ನೇ ತಗೊಳ್ಳಿ, 13 ಹಳ್ಳಿಯ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರಲ್ಲಿ ಶುರು ಮಾಡಿದ್ದು, ಸರ್ಕಾರ ಕೈ ಬಿಡ್ತೀವಿ ಅಂದಿದ್ದು 2025ರ ಜುಲೈ 15ಕ್ಕೆ, ಮೂರು ವರ್ಷದ ಮೇಲೆ. ಆ ವರ್ಷ ಜೂನ್‌ನಲ್ಲಿ ಪೊಲೀಸರು ಎಳ್ಕೊಂಡು ಹೋದ ದಿನ ಕ್ಯಾಮೆರಾ ಬೇಕಾದಷ್ಟು ಇದ್ವು. ಅದಕ್ಕೆ ಮುಂಚೆ ಯಾರೂ ಬರದ ದಿನಗಳಲ್ಲಿ ಟೆಂಟ್ ಕಾಯ್ತಾ ಕೂತ ಜನರ ಫೋಟೋ, ಅವರ ರಾಗಿ ಹೊಲ, ದ್ರಾಕ್ಷಿ ತೋಟ, ಹಾಲಿನ ಡೈರಿ, ಇವೇ ಆ ಭೂಮಿ ಬಂಜರು ಅಲ್ಲ ಅನ್ನೋದಕ್ಕೆ ಸಾಕ್ಷಿ. ಜಮೀನಿನ ಹೋರಾಟ ಅಂದ್ರೆ ಜಮೀನಿನ ಫೋಟೋನೂ ತೆಗೀರಿ ಅಂತ ಇಷ್ಟು ಹೇಳ್ಬೇಕಾಗಿದೆ ಯಾಕಂದ್ರೆ ತುಂಬಾ ಜನ ಅದನ್ನೇ ಬಿಡ್ತಾರೆ.

ಕೇಳಿ ತೆಗೆಯೋದಾ, ಕೇಳದೇ ತೆಗೆಯೋದಾ? ನೂರಾರು ಜನರ ಜಾಥಾ ರಸ್ತೆ ಮೇಲೆ ಹೋಗ್ತಾ ಇರ್ಬೇಕಾದ್ರೆ ಪ್ರತಿಯೊಬ್ರನ್ನೂ ಕೇಳೋಕಾಗಲ್ಲ, ಅವರು ಕಾಣಿಸ್ಕೊಳ್ಳೋಕೇ ಬಂದಿರೋದು. ಆದ್ರೆ ಒಬ್ರ ಮುಖ ಫ್ರೇಮ್ ತುಂಬೋ ಹಾಗೆ ಬರ್ತಿದೆ ಅಂದ್ರೆ ಕೇಳಿ. ಕೇಳೋದು ಅಂದ್ರೆ ಫಾರ್ಮ್ ತುಂಬಿಸೋದಲ್ಲ, ಪಕ್ಕ ಕೂತು "ಅಕ್ಕ, ಯಾವೂರಿಂದ ಬಂದ್ರಿ? ಒಂದ್ ಫೋಟೋ ತೆಗೀಲಾ?" ಅಂದ್ರೆ ಆಯ್ತು. ಒಂದ್ಸಲ ಕಲಬುರಗಿ ಕಡೆಯ ವಯಸ್ಸಾದ ತಾಯಿ ಒಬ್ರು, ಅಂಗನವಾಡಿ ಸಹಾಯಕಿ, ನಾನು ಕೇಳಿದ್ದಕ್ಕೆ ಸೆರಗು ಸರಿ ಮಾಡ್ಕೊಂಡು, "ತಗೀರಿ, ಆದ್ರ ಇದು ಯಾವ ಪೇಪರ್ನಾಗ ಬರ್ತದ ಹೇಳ್ರಿ ಮೊದ್ಲ" ಅಂದ್ರು. ಪೇಪರ್‌ನವ್ನಲ್ಲ ಅಂದೆ. "ಮತ್ ಯಾಕ್ ತಗೀತೀರಿ?" ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ರ ಮೊದ್ಲೇ ರೆಡಿ ಇರ್ಬೇಕು, ಯಾಕಂದ್ರೆ ಎಲ್ರೂ ಕೇಳಲ್ಲ, ಆದ್ರೆ ಎಲ್ರ ಮನಸ್ಸಲ್ಲೂ ಅದು ಇರತ್ತೆ. ಎಲ್ಲಿ ಹಾಕ್ತೀರ, ಯಾರಿಗೆ ಕೊಡ್ತೀರ, ಹೆಸ್ರು ಹಾಕ್ತೀರಾ ಇಲ್ವಾ, ನೇರವಾಗಿ ಹೇಳಿ. ಅದೇ ಥರ ಫ್ಯಾಕ್ಟರಿ ಕೆಲ್ಸದ ಹುಡುಗಿ ಒಬ್ಳು ಫೋಟೋಗೆ ನಗ್ತಾ ನಿಂತು, ಆಮೇಲೆ ಎದ್ದು ಹಿಂದೇನೇ ಬಂದು "ಅಣ್ಣ, ನಂದು ಹಾಕ್ಬೇಡಿ, ಸೂಪರ್‌ವೈಸರ್ ನೋಡಿದ್ರೆ ನಾಳೆ ಗೇಟ್ ಒಳಗೆ ಬಿಡಲ್ಲ" ಅಂದ್ಳು. ಅವಳ ಮುಂದೇನೇ ಅಳಿಸಿದೆ. ಮೊದ್ಲು ಹೂಂ ಅಂದವ್ರು ಆಮೇಲೆ ಬೇಡ ಅಂದ್ರೂ ಅದು ಬೇಡಾನೇ.

ಇದು ಸಣ್ಣ ವಿಷಯ ಅಂತ ಅನ್ಸಿದ್ರೆ ಸೊವೆಟೊದ ಕತೆ ತಿಳ್ಕೊಳ್ಳಿ. 1976ರ ಜೂನ್ 16, ದಕ್ಷಿಣ ಆಫ್ರಿಕಾದಲ್ಲಿ ಶಾಲೆ ಮಕ್ಕಳು ಆಫ್ರಿಕಾನ್ಸ್ ಭಾಷೆಯ ಹೇರಿಕೆ ವಿರುದ್ಧ ಮೆರವಣಿಗೆ ಹೊರಟಾಗ ಪೊಲೀಸರು ಗುಂಡು ಹಾರಿಸಿದ್ರು. ಗುಂಡು ಬಿದ್ದ ಹೆಕ್ಟರ್ ಪೀಟರ್‌ಸನ್ ಅನ್ನೋ ಬಾಲಕನನ್ನ ಎತ್ಕೊಂಡು ಓಡ್ತಿರೋ ಇನ್ನೊಬ್ಬ ಹುಡುಗ, ಪಕ್ಕದಲ್ಲಿ ಅಳ್ತಾ ಓಡ್ತಿರೋ ಅಕ್ಕ, ಈ ಫೋಟೋ ತೆಗೆದಿದ್ದು ಸ್ಯಾಮ್ ನ್ಜಿಮಾ. ವರ್ಣಭೇದ ನೀತಿ ಅಂದ್ರೆ ಏನು ಅಂತ ಜಗತ್ತಿಗೆಲ್ಲ ಮುಟ್ಟಿಸಿದ ಫೋಟೋ ಅದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎತ್ಕೊಂಡು ಓಡ್ತಿದ್ದ ಹುಡುಗ ಎಂಬುಯಿಸಾ ಮಖುಬು, ಅವನ ಮುಖ ಎಲ್ಲರಿಗೂ ಗೊತ್ತಾಗಿ ಪೊಲೀಸರ ಕಾಟಕ್ಕೆ ದೇಶ ಬಿಟ್ಟು ಹೋಗ್ಬೇಕಾಯ್ತು, ಮತ್ತೆ ಮನೆಗೆ ಬರಲೇ ಇಲ್ಲ. ನ್ಜಿಮಾ ಕೂಡ ಜೋಹಾನ್ಸ್‌ಬರ್ಗ್‌ನ ಕೆಲ್ಸ ಬಿಟ್ಟು ಊರು ಸೇರಿದ್ರು. ಆ ಫೋಟೋ ತೆಗೀಬಾರ್ದಿತ್ತು ಅಂತ ನಾನು ಹೇಳ್ತಿಲ್ಲ, ಖಂಡಿತ ತೆಗೀಬೇಕಿತ್ತು. ಆದ್ರೆ ಫೋಟೋಗೆ ಬೆಲೆ ತೆರೋರು ಯಾರು ಅನ್ನೋದು ತಲೇಲಿ ಇರ್ಲಿ.

ಈಗಿನ ಕಾಲದಲ್ಲಿ ಮುಖ ಗುರುತಿಸೋ ಸಾಫ್ಟ್‌ವೇರ್ ಬಂದ್ಮೇಲೆ ಈ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಯಾರಿಗೆ ಅಪಾಯ ಇದೆ ಅಂತ ಸಂಘಟಕರನ್ನೇ ಕೇಳಿ, ಗುತ್ತಿಗೆ ನೌಕರರು, ವಲಸೆ ಕಾರ್ಮಿಕರು, ವಿದ್ಯಾರ್ಥಿಗಳು, ಕೇಸ್ ನಡೀತಿರೋರು, ಇವರ ವಿಷಯದಲ್ಲಿ ಹುಷಾರು. ಮುಖ ಇಲ್ದೇ ತೆಗೆಯೋದೂ ಒಂದು ಕಲೆ: ಹಿಂದಿನಿಂದ, ಕೈಗಳು, ಬಿರುಕು ಬಿಟ್ಟ ಹಿಮ್ಮಡಿ, ಪೌರಕಾರ್ಮಿಕರ ಗ್ಲೌಸ್ ಇಲ್ಲದ ಅಂಗೈ, ಪ್ಲೆಕಾರ್ಡ್‌ನಿಂದ ಅರ್ಧ ಮುಚ್ಚಿದ ಮುಖ, ಬಿಸಿಲಿಗೆ ಎದುರಾಗಿ ನಿಂತ್ರೆ ಬರೀ ನೆರಳಿನ ಆಕಾರ. ಆಮೇಲೆ ಮುಚ್ಚೋದಾದ್ರೆ ತೆಳ್ಳಗೆ ಬ್ಲರ್ ಹೊಡೆದು ಸುಮ್ನಾಗ್ಬೇಡಿ, ಮೇಲೆ ಗಟ್ಟಿ ಬಣ್ಣದ ಚೌಕ ಹಾಕಿ, ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಂಚಿ. ಮುಖ ಮುಚ್ಚಿ ಕೊರಳಲ್ಲಿರೋ ಐಡಿ ಕಾರ್ಡು, ಗಾಡಿ ನಂಬರ್ ಪ್ಲೇಟು, ಕೈ ಮೇಲಿನ ಹಚ್ಚೆ ಬಿಟ್ರೆ ಮುಚ್ಚಿದ್ದು ವ್ಯರ್ಥ. ಫೋಟೋ ಫೈಲ್ ಒಳಗೆ ಲೊಕೇಶನ್, ಟೈಮ್, ಫೋನ್ ಮಾಡೆಲ್ ಎಲ್ಲಾ ಕೂತಿರತ್ತೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಆ ಮಾಹಿತಿ ಅಳಿಸಿಹೋಗತ್ತೆ, ಜೊತೆಗೆ ಕ್ವಾಲಿಟಿನೂ ಹಾಳಾಗತ್ತೆ, ಡಾಕ್ಯುಮೆಂಟ್ ಥರ ಕಳಿಸಿದ್ರೆ ಎರಡೂ ಉಳಿಯತ್ತೆ. ಯಾರಿಗೆ ಯಾವುದು ಕಳಿಸ್ತಿದೀರ ಅಂತ ಯೋಚ್ನೆ ಮಾಡಿ ಕಳಿಸಿ. ಲೈವ್ ಹೋಗೋದನ್ನ ನಾನಂತೂ ಯಾರಿಗೂ ಹೇಳಲ್ಲ, ಲೈವ್‌ನಲ್ಲಿ ಯಾರ ಮುಖಾನೂ ಮುಚ್ಚೋಕಾಗಲ್ಲ.

ಇನ್ನು ಕ್ಯಾಮೆರಾ ವಿಷಯ. ದೊಡ್ಡ ಕ್ಯಾಮೆರಾ ಇಲ್ಲ ಅಂತ ಕೂರ್ಬೇಡಿ, ಫೋನ್ ಸಾಕು, ಎಷ್ಟೋ ಕಡೆ ಫೋನೇ ವಾಸಿ, ಜನ ಗಾಬರಿ ಆಗಲ್ಲ. ಫೋನ್‌ನಲ್ಲಿ 1ಎಕ್ಸ್ ಮೇನ್ ಕ್ಯಾಮೆರಾ ಮಾತ್ರ ಬಳಸಿ, ಜೂಮ್ ಬೇಕು ಅಂದ್ರೆ ಎರಡು ಹೆಜ್ಜೆ ಮುಂದೆ ಹೋಗಿ. ಕ್ಯಾಮೆರಾ ಇದ್ರೆ 35 ಎಂಎಂ ಅಥವಾ 24-70 ಒಂದೇ ಲೆನ್ಸ್, ಗಲಾಟೆ ಮಧ್ಯೆ ಲೆನ್ಸ್ ಬದಲಾಯಿಸೋಕೆ ಹೋಗ್ಬೇಡಿ. ಶಟರ್ ಸೆಕೆಂಡಿನ 500ನೇ ಒಂದು ಭಾಗ (1/500), ಲೆನ್ಸ್ ಎಷ್ಟು ತೆರೀಬೇಕು ಅನ್ನೋ ಎಫ್ ನಂಬರ್ 5.6 ಆಸುಪಾಸು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಅಂದ್ರೆ ಐಎಸ್‌ಒ ಆಟೋ ಬಿಟ್ರೆ ತಮಟೆ ಹೊಡೆಯೋ ಕೈನೂ ನಿಲ್ಲತ್ತೆ, ಹತ್ತಡಿ ಹಿಂದಿರೋ ಪ್ಲೆಕಾರ್ಡೂ ಓದೋ ಹಾಗಿರತ್ತೆ. ಹಿನ್ನೆಲೆ ಪೂರ್ತಿ ಮಸುಕು ಮಾಡೋ ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡ, ಹಿಂದೆ ಇರೋ ಜನಾನೇ ಇಲ್ಲಿ ವಿಷಯ.

ನಮ್ಮ ಕಡೆ ಧರಣಿಗಳಲ್ಲಿ ಕಾಡೋದು ಎರಡು ತೊಂದ್ರೆ. ಒಂದು ಶಾಮಿಯಾನ. ಕೆಂಪು ನೀಲಿ ಬಟ್ಟೆಯೊಳಗಿಂದ ಬರೋ ಬೆಳಕು ಮುಖಕ್ಕೆಲ್ಲ ಬಣ್ಣ ಹಚ್ಚಿಬಿಡತ್ತೆ, ಬಣ್ಣ ತಾನೇ ಸರಿ ಮಾಡೋ ಆಟೋ ವೈಟ್ ಬ್ಯಾಲೆನ್ಸ್‌ಗೆ ತಲೆ ಕೆಡತ್ತೆ. ಶಾಮಿಯಾನದ ಅಂಚಲ್ಲಿ ಕೂತಿರೋರ ಹತ್ರ ಹೋಗಿ, ಪಕ್ಕದಿಂದ ಬರೋ ಹೊರಗಿನ ಬೆಳಕು ಚೆನ್ನಾಗಿರತ್ತೆ, ಒಳಗೇ ತೆಗೀಬೇಕು ಅಂದ್ರೆ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೇ ಹಾಗೇ ಉಳಿಸೋ ಫೈಲ್) ತೆಗೆದು ಆಮೇಲೆ ಸರಿ ಮಾಡಿ, ಅದೂ ಆಗಲ್ಲ ಅಂದ್ರೆ ಕಪ್ಪು ಬಿಳುಪು ಮಾಡಿ. ಎರಡ್ನೇದು ಮಧ್ಯಾಹ್ನದ ಬಿಸಿಲು. ಹಿಂದೆ ಬಿಳಿ ಆಕಾಶ, ಮುಂದೆ ಬಿಸಿಲಲ್ಲಿ ದುಡಿದು ಕಪ್ಪಾದ ಮುಖ, ಕ್ಯಾಮೆರಾ ಆಕಾಶ ನೋಡ್ಕೊಂಡು ಮುಖಾನ ಕತ್ತಲೆ ಮಾಡತ್ತೆ. ಮುಖದ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ ಬೆಳಕಿನ ಸ್ಲೈಡರ್ ಮೇಲೆ ತಳ್ಳಿ, ಆಕಾಶ ಬೆಳ್ಳಗಾದ್ರೆ ಆಗ್ಲಿ ಬಿಡಿ. ಮುಖ ಕಾಣ್ಬೇಕು, ಕಣ್ಣು ಕಾಣ್ಬೇಕು. ಹಾಗಂತ ಆಮೇಲೆ ಫಿಲ್ಟರ್ ಹಾಕಿ ಬಣ್ಣ ತಿಳಿ ಮಾಡೋದು ಬೇಡವೇ ಬೇಡ, ಅದು ಅವರಿಗೆ ಮಾಡೋ ಅವಮಾನ. ಸಂಜೆ ಮೇಣದಬತ್ತಿ ಮೆರವಣಿಗೆಯಲ್ಲಿ ಫ್ಲ್ಯಾಶ್ ಆಫ್ ಮಾಡಿ, ಬತ್ತಿಯ ಬೆಳಕು ಮುಖಕ್ಕೆ ಬೀಳೋ ಅಷ್ಟು ಹತ್ರ ಇರೋರನ್ನ ಹುಡುಕಿ.

ಎತ್ತರದಿಂದ ಒಂದು ಫೋಟೋ ಬೇಕು, ಎಷ್ಟು ಜನ ಸೇರಿದ್ರು ಅನ್ನೋದಕ್ಕೆ ಅದೇ ಉತ್ತರ, ಯಾಕಂದ್ರೆ ಆಮೇಲೆ ಪೊಲೀಸರ ಲೆಕ್ಕ ಒಂದು, ಸಂಘಟಕರ ಲೆಕ್ಕ ಒಂದು ಇರತ್ತೆ. ಸ್ಕೈವಾಕ್ ಇದ್ರೆ ಹತ್ತಿ, ವೇದಿಕೆಯ ಮೂಲೆ ಸಿಕ್ಕಿದ್ರೆ ಅಲ್ಲಿಂದ ತೆಗೀರಿ. ಡ್ರೋನ್ ತರ್ಬೇಡಿ, ವಿಧಾನಸೌಧದ ಆಸುಪಾಸಲ್ಲಿ ಅದನ್ನ ಹಾರಿಸೋದು ಕೇಸ್ ಹಾಕಿಸ್ಕೊಳ್ಳೋ ಕೆಲಸ. ಆಮೇಲೆ ಕೆಳಗಿಳಿದು ನೆಲದ ಮೇಲೆ ಕೂತ್ಕೊಳ್ಳಿ, ಕೂತವ್ರನ್ನ ನಿಂತ್ಕೊಂಡು ಮೇಲಿನಿಂದ ತೆಗೆದ್ರೆ ಅವರು ಯಾವಾಗ್ಲೂ ದೈನ್ಯವಾಗಿ ಕಾಣ್ತಾರೆ, ಅವರು ಬೇಡೋಕೆ ಬಂದವ್ರಲ್ಲ, ಹಕ್ಕು ಕೇಳೋಕೆ ಬಂದವ್ರು. ಪ್ಲೆಕಾರ್ಡ್ ಕನ್ನಡದಲ್ಲಿದ್ರೆ ಪೂರ್ತಿ ಸಾಲು ಬರ್ಲಿ, ಅರ್ಧ ಅಕ್ಷರ ಕತ್ತರಿಸಿದ್ರೆ ಅರ್ಥಾನೇ ತಿರುಗಬಹುದು. ಹಸಿರು ಶಾಲು, ನೀಲಿ ಶಾಲು, ಕೆಂಪು ಬಾವುಟ, ಯಾವುದು ಯಾರದ್ದು ಅಂತ ತಿಳ್ಕೊಂಡಿರಿ.

"ಇನ್ನೊಂದ್ಸಲ ಧಿಕ್ಕಾರ ಕೂಗಿ, ಸರ್ಯಾಗ್ ಬರ್ಲಿಲ್ಲ" ಅಂತ ಯಾವತ್ತೂ ಹೇಳ್ಬೇಡಿ. ಅಳೋರನ್ನ ಈ ಕಡೆ ತಿರುಗಿ ಅನ್ಬೇಡಿ. ಮಗುವಿನ ಕೈಗೆ ಬಾವುಟ ಕೊಟ್ಟು ನಿಲ್ಲಿಸ್ಬೇಡಿ. ಒಂದು ಫೋಟೋ ನಾಟಕ ಅಂತ ಗೊತ್ತಾದ್ರೆ ಇಡೀ ಹೋರಾಟಾನೇ ನಾಟಕ ಅನ್ನೋಕೆ ಕಾಯ್ತಾ ಇರೋ ಜನ ಇದಾರೆ, ನಿಜವಾದ ಫೋಟೋನೇ ಸುಳ್ಳು ಅನ್ನೋವ್ರೂ ಇದಾರೆ. 2020ರ ನವೆಂಬರ್‌ನಲ್ಲಿ ದೆಹಲಿ ಗಡಿಯಲ್ಲಿ ವಯಸ್ಸಾದ ಸಿಖ್ ರೈತರೊಬ್ಬರ ಮೇಲೆ ಅರೆಸೇನಾ ಪಡೆಯವ್ರು ಲಾಠಿ ಬೀಸ್ತಿರೋ ಫೋಟೋ ನೀವೂ ನೋಡಿರ್ತೀರ, ಪಿಟಿಐ ಸುದ್ದಿಸಂಸ್ಥೆಯ ರವಿ ಚೌಧರಿ ತೆಗೆದಿದ್ದು. ಅದು ದೇಶ ಪೂರ್ತಿ ಓಡಾಡಿದ ಮೇಲೆ ಬಿಜೆಪಿ ಐಟಿ ಸೆಲ್ ಮುಖ್ಯಸ್ಥರು ಒಂದು ತುಂಡು ವಿಡಿಯೋ ಹಾಕಿ ಲಾಠಿ ರೈತನಿಗೆ ತಾಗೇ ಇಲ್ಲ ಅನ್ನೋ ಅರ್ಥದಲ್ಲಿ ಟ್ವೀಟ್ ಮಾಡಿದ್ರು, ಉದ್ದದ ವಿಡಿಯೋ ಬೇರೆಯವ್ರ ಹತ್ರ ಇತ್ತು, ಕೊನೆಗೆ ಟ್ವಿಟ್ಟರ್ ಆ ಟ್ವೀಟ್‌ಗೇ ತಿರುಚಿದ ಮಾಧ್ಯಮ ಅನ್ನೋ ಮುದ್ರೆ ಒತ್ತಿತು. ಇದರಿಂದ ಕಲಿಯೋದು ಏನಂದ್ರೆ ಒಂದು ಫ್ರೇಮ್ ಸಾಲಲ್ಲ, ಅದರ ಹಿಂದಿಂದು ಮುಂದಿಂದು ಬೇಕು. ಬರ್ಸ್ಟ್‌ನಲ್ಲಿ (ಒಂದೇ ಒತ್ತಿಗೆ ಸಾಲಾಗಿ ಹಲವು ಫೋಟೋ) ತೆಗೆದಿದ್ರೆ ಪೂರ್ತಿ ಸಾಲು ಇಟ್ಕೊಳ್ಳಿ, ಮಸುಕಾಗಿದೆ ಅಂತ ಅಳಿಸ್ಬೇಡಿ. ಕ್ರಾಪ್ ಮಾಡಿದ್ರೂ ಒರಿಜಿನಲ್ ಫೈಲ್ ಮುಟ್ಟದೇ ಬೇರೆ ಕಡೆ ಇಡಿ. ಕೋರ್ಟ್‌ಗೆ ಹೋಗೋ ಸಂದರ್ಭ ಬಂದ್ರೆ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಕೊಡ್ಬೇಕಾಗತ್ತೆ, ಅದರಲ್ಲಿ ಫೈಲ್‌ನ ಹ್ಯಾಶ್ ವ್ಯಾಲ್ಯೂ (ಫೈಲ್‌ಗೆ ಬೆರಳಚ್ಚಿನ ಥರ ಇರೋ ಒಂದು ಕೋಡ್) ಕೇಳ್ತಾರೆ, ಎಡಿಟ್ ಮಾಡಿ ಸೇವ್ ಮಾಡಿದ ಫೈಲ್‌ಗೆ ಅದು ಬದಲಾಗಿಬಿಟ್ಟಿರತ್ತೆ.

ಗಲಾಟೆ ಆಗೋ ಸೂಚನೆ ಬಂದ್ರೆ ಪೊಲೀಸರಿಗೂ ಜನರಿಗೂ ಮಧ್ಯೆ ನಿಲ್ಬೇಡಿ, ಪಕ್ಕಕ್ಕೆ ಬನ್ನಿ, ಬೆನ್ನಿಗೆ ಗೋಡೆಯೋ ಮರವೋ ಇರ್ಲಿ, ಓಡೋಕೆ ಯಾವ ಗಲ್ಲಿ ಅಂತ ಬಂದ ತಕ್ಷಣಾನೇ ನೋಡಿಟ್ಟಿರಿ. ಒಬ್ರೇ ಹೋಗ್ಬೇಡಿ. ಶೂ ಹಾಕ್ಕೊಳ್ಳಿ, ಕಾಂಟ್ಯಾಕ್ಟ್ ಲೆನ್ಸ್ ಬದ್ಲು ಕನ್ನಡಕ, ನೀರು, ಒಂದು ಒದ್ದೆ ಬಟ್ಟೆ, ಪವರ್ ಬ್ಯಾಂಕ್, ವಕೀಲರ ನಂಬರ್ ಕೈ ಮೇಲೆ ಪೆನ್ನಲ್ಲಿ. ಫೋನ್‌ನ ಬೆರಳಚ್ಚು, ಫೇಸ್ ಲಾಕ್ ಆ ದಿನಕ್ಕೆ ತೆಗೆದು ಆರಂಕಿಯ ಪಿನ್ ಹಾಕಿ. ಪತ್ರಕರ್ತರಲ್ಲದಿದ್ರೆ ಪ್ರೆಸ್ ಅಂತ ಹಾಕ್ಕೊಂಡು ಓಡಾಡ್ಬೇಡಿ, ಅದ್ರಿಂದ ನಿಜವಾದ ವರದಿಗಾರರಿಗೆ ಕಷ್ಟ. ಜನರನ್ನ ವಶಕ್ಕೆ ತಗೊಂಡು ಬಸ್ ಹತ್ತಿಸೋ ಹೊತ್ತಲ್ಲಿ ಬಸ್ಸಿನ ನಂಬರ್, ಟೈಮು, ಯಾವ ಠಾಣೆ ಅನ್ನೋದು ಫೋಟೋದಲ್ಲೋ ನೋಟ್ಸ್‌ನಲ್ಲೋ ಬರ್ಲಿ, ಕಿಟಕಿ ಸರಳಿಂದ ಹೊರಗೆ ಬಂದಿರೋ ಕೈಗಳ ಫೋಟೋ ಚೆನ್ನಾಗಿರತ್ತೆ ನಿಜ, ಆದ್ರೆ ಆ ರಾತ್ರಿ ವಕೀಲರಿಗೆ ಉಪಯೋಗ ಆಗೋದು ಬಸ್ ನಂಬರ್.

ಕಾನೂನಿನ ಬಗ್ಗೆ ಹೊಸಬರಿಗೆ ತುಂಬಾ ಭಯ ಇರತ್ತೆ. ಸಾರ್ವಜನಿಕ ಜಾಗದಲ್ಲಿ ನಡೆಯೋ ಪ್ರತಿಭಟನೆ ಫೋಟೋ ತೆಗೆಯೋದು ಅಪರಾಧ ಅಲ್ಲ, ನಿರ್ಬಂಧಿತ ಜಾಗ ಅಂತ ಬೋರ್ಡ್ ಇರೋ ಕಡೆ ಮಾತು ಬೇರೆ. ಬೆಂಗಳೂರಲ್ಲಿ 2021ರ ಆದೇಶದ ನಂತರ ಧರಣಿ, ಮೆರವಣಿಗೆಗೆಲ್ಲ ಜಾಗ ಅಂದ್ರೆ ಫ್ರೀಡಂ ಪಾರ್ಕೇ, ಅದು ಹಳೇ ಸೆಂಟ್ರಲ್ ಜೈಲು, ಎಮರ್ಜೆನ್ಸಿಯಲ್ಲಿ ವಿರೋಧ ಪಕ್ಷದ ನಾಯಕರನ್ನ ಇಟ್ಟಿದ್ದ ಜಾಗ. ಅದರಾಚೆ ನಡೆದ್ರೆ ಸಂಘಟಕರ ಮೇಲೆ ಕೇಸ್ ಬೀಳಬಹುದು, ನಿಮ್ಮ ಫೋಟೋ ಆ ಕೇಸಿಗೆ ಸಾಕ್ಷಿ ಆಗಬಹುದು, ಹಾಕೋಕೆ ಮುಂಚೆ ಯೋಚ್ನೆ ಮಾಡಿ. ಪೊಲೀಸರು ಫೋಟೋ ಡಿಲೀಟ್ ಮಾಡು ಅಂದ್ರೆ ಜಗಳ ಆಡ್ಬೇಡಿ, ಸಾರ್ ಯಾವ ಸೆಕ್ಷನ್ ಅಂತ ಮರ್ಯಾದೆಯಿಂದ ಕೇಳಿ, ಫೋನ್ ತಗೊಂಡ್ರೆ ವಶಪಡಿಸ್ಕೊಂಡಿದ್ದಕ್ಕೆ ಬರಹದಲ್ಲಿ ಕೊಡಿ ಅನ್ನಿ. ಇನ್ನೊಂದು, ಇದನ್ನ ಎಷ್ಟೋ ಒಳ್ಳೆಯವ್ರೇ ಮೀರ್ತಾರೆ: ಅತ್ಯಾಚಾರದ ವಿರುದ್ಧದ ಪ್ರತಿಭಟನೆಯಲ್ಲಿ ಸಂತ್ರಸ್ತೆಯ ಹೆಸ್ರು, ಫೋಟೋ ಇರೋ ಫ್ಲೆಕ್ಸ್ ಇದ್ರೆ ಅದು ನಿಮ್ಮ ಫ್ರೇಮ್‌ನಲ್ಲಿ ಬರ್ಬಾರ್ದು. ಗುರುತು ಬಯಲು ಮಾಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ, ಆಕೆ ತೀರ್ಕೊಂಡಿದ್ರೂ ಗುರುತು ಕಾಪಾಡ್ಬೇಕು ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಕ್ಯಾಪ್ಶನ್. ನನ್ನ ಮಟ್ಟಿಗೆ ಅರ್ಧ ಕೆಲ್ಸ ಇಲ್ಲೇ ಇರೋದು. ಅಮೆರಿಕದಲ್ಲಿ 1908ರಿಂದ ಲೂಯಿಸ್ ಹೈನ್ ಬಾಲಕಾರ್ಮಿಕರ ಫೋಟೋ ತೆಗೀತಾ ಮಿಲ್ಲು, ಗಣಿ ಎಲ್ಲಾ ಸುತ್ತಿದ್ರಲ್ಲ, ಅವರ ಫೋಟೋಗೆ ಅಷ್ಟು ಬಲ ಬಂದಿದ್ದು ಪ್ರತೀ ಮಗುವಿನ ವಯಸ್ಸು, ಎತ್ತರ, ಕೆಲಸ, ಎಷ್ಟು ಹೊತ್ತು ದುಡಿಯತ್ತೆ ಅನ್ನೋದನ್ನ ಬರ್ಕೊಂಡಿದ್ರಿಂದ. ಎತ್ತರ ಅಳೆಯೋಕೆ ತಮ್ಮ ಕೋಟಿನ ಗುಂಡಿಗಳನ್ನೇ ಲೆಕ್ಕ ಇಟ್ಕೊಂಡಿದ್ರು. ನೀವೂ ಅಷ್ಟು ಮಾಡಿ: ಊರು, ತಾಲೂಕು, ದಿನಾಂಕ, ಸಂಘಟನೆ, ಬೇಡಿಕೆ, ಎಷ್ಟು ವರ್ಷದಿಂದ ಕೆಲಸ, ಕೈಗೆ ಬರೋದು ಎಷ್ಟು, ಅವರೇ ಹೇಳಿದ ಒಂದು ಮಾತು ಅವರದೇ ಭಾಷೇಲಿ. "ಪ್ರತಿಭಟನಾಕಾರರು ಆಕ್ರೋಶ ವ್ಯಕ್ತಪಡಿಸಿದರು" ಅನ್ನೋದು ಯಾವ ಫೋಟೋಗಾದ್ರೂ ಹೊಂದತ್ತೆ, ಅಂದ್ರೆ ಅದು ಯಾವ ಫೋಟೋದ್ದೂ ಅಲ್ಲ.

ಕ್ಯಾಪ್ಶನ್ ಇಲ್ಲದಿದ್ರೆ ಏನಾಗತ್ತೆ ಅನ್ನೋದಕ್ಕೆ ನಮ್ಮ ಸವಣೂರೇ ಇದೆ. 2010ರ ಜುಲೈ, ಹಾವೇರಿ ಜಿಲ್ಲೆಯ ಸವಣೂರಲ್ಲಿ ಮಲ ಹೊರೋ ಕೆಲಸ ಮಾಡ್ಕೊಂಡು ಬಂದಿದ್ದ ಭಂಗಿ ಸಮುದಾಯದವ್ರು, ಇದ್ದ ಜಾಗದಿಂದ ತಮ್ಮನ್ನ ಎಬ್ಬಿಸೋಕೆ ಹೊರಟಿದ್ದನ್ನ ವಿರೋಧಿಸಿ ಪುರಸಭೆ ಮುಂದೆ ಮೈ ಮೇಲೆ ಮಲ ಸುರ್ಕೊಂಡ್ರು. ಬಸವಲಿಂಗಪ್ಪನವ್ರು ಮಂತ್ರಿ ಆಗಿದ್ದಾಗ 70ರ ದಶಕದಲ್ಲೇ ಈ ರಾಜ್ಯ ಮಲ ಹೊರೋದನ್ನ ನಿಲ್ಲಿಸ್ತೀವಿ ಅಂತ ಹೇಳಿತ್ತು. ಆ ಫೋಟೋ ಜೊತೆ ಈ ಎರಡು ಸಾಲು ಇದ್ರೆ ನೋಡಿದವ್ರಿಗೆ ಪುರಸಭೆ ಮೇಲೆ, ನಮ್ಮೆಲ್ಲರ ಮೇಲೆ ಪ್ರಶ್ನೆ ಏಳತ್ತೆ. ಇಲ್ದಿದ್ರೆ ಕಣ್ಣು ಮುಚ್ಕೊಳ್ಳೋ ಹಾಗೆ ಮಾಡೋ ಒಂದು ದೃಶ್ಯ ಅಷ್ಟೇ, ಅದೂ ಯಾರ ಮರ್ಯಾದೆಗಾಗಿ ಅವರು ಅಲ್ಲಿ ನಿಂತ್ರೋ ಅವರದೇ ಮರ್ಯಾದೆ ಕಳೆಯೋ ದೃಶ್ಯ. ಇಂಥ ಫೋಟೋ ತೆಗೆದ್ರೆ ಎಲ್ಲಾ ಕಡೆ ಎರಚ್ಬೇಡಿ, ಸಮುದಾಯದವ್ರ ಜೊತೆ ಕೂತು ಯಾವುದು ಹೊರಗೆ ಹೋಗ್ಬೇಕು ಅಂತ ಅವರೇ ತೀರ್ಮಾನ ಮಾಡ್ಲಿ. ಅದೇ ಜನ ಮನೇಲಿ ಮಕ್ಕಳಿಗೆ ತಲೆ ಬಾಚ್ತಿರೋದು, ಹಬ್ಬಕ್ಕೆ ಹೊಸ ಅಂಗಿ ಹಾಕ್ಕೊಂಡಿರೋದು ತೆಗೆದಿದ್ದೀರಾ? ಅದನ್ನೂ ಜೊತೆಗಿಡಿ.

ತೆಗೆದ ಮೇಲೆ ಆ ರಾತ್ರೀನೇ ಎರಡು ಕಡೆ ಬ್ಯಾಕಪ್ ಮಾಡಿ, ಫೋಲ್ಡರ್‌ಗೆ ದಿನಾಂಕ, ಊರು, ವಿಷಯ ಹೆಸರಾಗಿ ಇಡಿ, ಹಾಗಿದ್ರೆ ಐದು ವರ್ಷ ಬಿಟ್ಟು ಹುಡುಕಿದ್ರೂ ಸಿಗತ್ತೆ. ಅಪಾಯ ಇರೋರ ಗುರುತು ಮುಚ್ಚೋದು ಬಿಟ್ರೆ ಎಡಿಟ್ ಅಂದ್ರೆ ಬೆಳಕು, ಬಣ್ಣ, ಕ್ರಾಪ್ ಇಷ್ಟೇ, ಫ್ರೇಮ್‌ನಲ್ಲಿ ಇದ್ದದ್ದನ್ನ ಅಳಿಸೋದು, ಇಲ್ಲದ್ದನ್ನ ಎಐನಲ್ಲಿ ಸೇರಿಸೋದು ಬೇಡ. ಆಯ್ದ ಹದಿನೈದು ಇಪ್ಪತ್ತು ಫೋಟೋನ ಕ್ಯಾಪ್ಶನ್ ಸಮೇತ ಸಂಘಟನೆಯವ್ರಿಗೆ ಫುಲ್ ಸೈಜ್‌ನಲ್ಲಿ ಕೊಡಿ, ಅವರ ಮುಂದಿನ ಕರಪತ್ರಕ್ಕೆ, ಕೋರ್ಟ್ ಅರ್ಜಿಗೆ, ಇನ್ನೊಂದು ಜಿಲ್ಲೆಯ ಸಭೆಗೆ ಬೇಕಾಗತ್ತೆ, ದುಡ್ಡು ಕೇಳ್ಬೇಡಿ, ಮೇಲೆ ದೊಡ್ಡದಾಗಿ ನಿಮ್ಮ ಹೆಸ್ರಿನ ವಾಟರ್‌ಮಾರ್ಕ್ ಹಾಕ್ಬೇಡಿ. ಯಾರ ಮುಖ ತೆಗೆದ್ರೋ ಅವರಿಗೆ ಆರಿಂಚು ನಾಲ್ಕಿಂಚಿನ ಒಂದು ಪ್ರಿಂಟ್ ಕೊಡಿ, ಸ್ಟುಡಿಯೋದಲ್ಲಿ ಅದಕ್ಕೆ ತುಂಬಾ ಖರ್ಚಾಗಲ್ಲ. ವಿಳಾಸ ಕೊಡೋಕೆ ಅವರಿಗೆ ಮುಜುಗರ ಇದ್ರೆ ಅವರ ಊರಿನ ಸಂಘದ ಅಧ್ಯಕ್ಷರ ಕೈಲಿ ಒಂದೇ ಲಕೋಟೆಯಲ್ಲಿ ಎಲ್ಲರದ್ದೂ ಕಳಿಸ್ಬಹುದು, ಪ್ರಿಂಟ್ ಹಿಂದೆ ಪೆನ್ಸಿಲ್‌ನಲ್ಲಿ ಹೆಸ್ರು, ತಾರೀಖು ಬರೀರಿ, ಬಾಲ್ ಪೆನ್ ಆದ್ರೆ ಮುಂದಿನ ಕಡೆಗೆ ಅಚ್ಚು ಬೀಳತ್ತೆ.